ತಾಳಿಕೆ ಮತ್ತು ಬಾಳಿಕೆ

1991ರಲ್ಲಿ ವೆನಿಸ್‌ನ ಕಾ ಫೊಸ್ಕಾರಿ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ತಮ್ಮ ಊರಿನ ಬಗ್ಗೆ ಒಂದು ಲೆಕ್ಕ ಪ್ರಕಟಿಸಿದರು. ಒಬ್ಬರು ಗಣಿತದ ಎಲಿಯೊ ಕನೆಸ್ಟ್ರೆಲ್ಲಿ, ಇನ್ನೊಬ್ಬರು ಅರ್ಥಶಾಸ್ತ್ರದ ಪಾವೊಲೊ ಕೋಸ್ಟಾ. ನೀರಿನ ನಡುವೆ ನಿಂತಿರುವ ಹಳೆಯ ವೆನಿಸ್ ದಿನಕ್ಕೆ ಎಷ್ಟು ಪ್ರವಾಸಿಗರನ್ನು ತಾಳಿಕೊಂಡೀತು ಎಂಬುದು ಅವರ ಪ್ರಶ್ನೆ. ಹೋಟೆಲುಗಳಲ್ಲಿ ಎಷ್ಟು ಹಾಸಿಗೆ ಇವೆ, ಮಧ್ಯಾಹ್ನ ಎಷ್ಟು ಜನಕ್ಕೆ ಊಟ ಹಾಕಬಹುದು, ಕಾರು ನಿಲ್ಲಿಸಲು ಎಷ್ಟು ಜಾಗವಿದೆ, ದೋಣಿಗಳು ಎಷ್ಟು ಜನರನ್ನು ಸಾಗಿಸಿಯಾವು, ಎಷ್ಟು ಕಸ ಎತ್ತಬಹುದು, ಸೇಂಟ್ ಮಾರ್ಕ್ ಚರ್ಚಿನೊಳಗೆ ಎಷ್ಟು ಜನ ಹಿಡಿಸುತ್ತಾರೆ ಎಂದು ಒಂದೊಂದಾಗಿ ಅಳೆದು ಸಮೀಕರಣಕ್ಕೆ ಹಾಕಿದರು. ಉತ್ತರ ಬಂತು: ಹೋಟೆಲಿನಲ್ಲಿ ಉಳಿಯುವವರು 9,780, ಬೇರೆ ವಸತಿಗಳಲ್ಲಿ ಉಳಿಯುವವರು 1,460, ಬೆಳಿಗ್ಗೆ ಬಂದು ಸಂಜೆ ಮರಳುವವರು 10,857. ಒಟ್ಟು ಸುಮಾರು 22,000.

ಆ ಸಂಖ್ಯೆ ಯಾವುದೋ ಕಡತದಲ್ಲಿ ಕಳೆದುಹೋಗಲಿಲ್ಲ. ಕೋಸ್ಟಾ ಮುಂದೆ ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು, ದೇಶದ ಮಂತ್ರಿಯಾದರು, 2000ದಿಂದ 2005ರವರೆಗೆ ವೆನಿಸ್‌ನ ಮೇಯರ್ ಕೂಡ ಆದರು. ಲೆಕ್ಕ ಹಾಕಿದವರ ಕೈಗೇ ಊರಿನ ಆಡಳಿತ ಬಂದರೂ ಬರುವವರ ಸಂಖ್ಯೆಗೆ ಮಿತಿ ಬೀಳಲಿಲ್ಲ. 1951ರಲ್ಲಿ ಹಳೆಯ ವೆನಿಸ್‌ನಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು.

ಸುಸ್ಥಿರ ಪ್ರವಾಸೋದ್ಯಮವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವವರಿಗೆ ಎದುರಾಗುವ ಹಳೆಯ ಉದಾಹರಣೆಗಳಲ್ಲಿ ವೆನಿಸ್‌ನ ಈ ಲೆಕ್ಕವೂ ಒಂದು. ಲೆಕ್ಕ ತಪ್ಪಾಗಿತ್ತೆಂದು ಯಾರೂ ಅದನ್ನು ಬದಿಗಿಡಲಿಲ್ಲ. ಹಾಗಾದರೆ ಸರಿಯಾದ ಲೆಕ್ಕವೊಂದು ಏಕೆ ಸಾಲದಾಯಿತು? ಈ ವಿಷಯ ವಿಶ್ವವಿದ್ಯಾಲಯದೊಳಗೆ ಬಂದು, ಬೆಳೆದು, ಪದವಿಯಾದ ತೊಂಬತ್ತು ಚಿಲ್ಲರೆ ವರ್ಷಗಳ ಇತಿಹಾಸವನ್ನು ಓದಿದರೆ ಉತ್ತರ ಸಿಗುತ್ತದೆ. ಎಷ್ಟು ಜನ ಬರಬಹುದು ಎಂಬ ಪ್ರಶ್ನೆಯಿಂದ ಹೊರಟ ಶಾಸ್ತ್ರ, ಅದನ್ನು ಹೇಳಬೇಕಾದವರು ಯಾರು ಎಂಬ ಪ್ರಶ್ನೆಗೆ ಬಂದು ಮುಟ್ಟಿದ ಇತಿಹಾಸ ಅದು.

*

ಪ್ರವಾಸವನ್ನು ವಿಶ್ವವಿದ್ಯಾಲಯದ ವಿಷಯವನ್ನಾಗಿ ಮಾಡಿದ ಮೊದಲಿಗರಲ್ಲಿ ಜರ್ಮನ್ ಭಾಷೆಯವರು ಪ್ರಮುಖರು. ರಾಬರ್ಟ್ ಗ್ಲುಕ್ಸ್‌ಮನ್ ಎಂಬವರು 1929ರಲ್ಲಿ ಬರ್ಲಿನ್‌ನ ವಾಣಿಜ್ಯ ಕಾಲೇಜಿನಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ತೆರೆದರು. ನಾಜಿಗಳ ಆಳ್ವಿಕೆಯಲ್ಲಿ ಅದು ಮುಚ್ಚಿಹೋಯಿತು. ಆ ಕೆಲಸ ಮುಂದುವರಿದದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದೂ ಎರಡನೆಯ ಮಹಾಯುದ್ಧದ ನಡುವೆ. 1941ರಲ್ಲಿ ಸೇಂಟ್ ಗ್ಯಾಲನ್ ಮತ್ತು ಬರ್ನ್ ನಗರಗಳಲ್ಲಿ ಒಂದೊಂದು ಸಂಸ್ಥೆ ಆರಂಭವಾಯಿತು. ಮರುವರ್ಷ ವಾಲ್ಟರ್ ಹುನ್ಸಿಕರ್ ಮತ್ತು ಕುರ್ಟ್ ಕ್ರಾಫ್ ಈ ಶಾಸ್ತ್ರದ ವ್ಯವಸ್ಥಿತ ಪಠ್ಯವೊಂದನ್ನು ಬರೆದರು. ಸುತ್ತಲಿನ ಗಡಿಗಳು ಮುಚ್ಚಿದ್ದವು, ಬೆಟ್ಟದ ಹೋಟೆಲುಗಳಿಗೆ ಹೊರದೇಶದ ಗಿರಾಕಿಗಳಿರಲಿಲ್ಲ. ಪ್ರವಾಸಿಗರೇ ಇಲ್ಲದ ಹೊತ್ತಿನಲ್ಲಿ ಪ್ರವಾಸದ ಶಾಸ್ತ್ರ ರೂಪುಗೊಂಡಿತು. ಬಂದ ಸಂಪಾದನೆ ನಿಂತಾಗಲೇ ಅದರ ಬೆಲೆ ಅಳೆಯುವ ಬುದ್ಧಿ ಬರುವುದು ಮನೆಗೂ ದೇಶಕ್ಕೂ ಒಂದೇ.

ಆಗ ಆ ಶಾಸ್ತ್ರಕ್ಕಿದ್ದ ಹೆಸರು ಗಮನಿಸುವಂಥದ್ದು. ಜರ್ಮನ್‌ನಲ್ಲಿ ಅದನ್ನು ‘ಫ್ರೆಮ್ಡೆನ್‌ಫೆರ್‌ಕೇರ್’ ಎನ್ನುತ್ತಿದ್ದರು. ಪರಊರಿನವರ ಓಡಾಟ ಎಂದು ಅದರ ಅರ್ಥ. ಹುನ್ಸಿಕರ್ ಮತ್ತು ಕ್ರಾಫ್ ಕೊಟ್ಟ ವ್ಯಾಖ್ಯೆಯೂ ಇದಕ್ಕೆ ಹೊಂದುವಂತಿತ್ತು: ಪರಸ್ಥಳದವರು ಒಂದೆಡೆಗೆ ಬಂದು ತಂಗುವುದರಿಂದ ಹುಟ್ಟುವ ಸಂಬಂಧಗಳ, ವಿದ್ಯಮಾನಗಳ ಒಟ್ಟು ಮೊತ್ತವೇ ಪ್ರವಾಸ, ಅವರು ಅಲ್ಲೇ ನೆಲೆಸಬಾರದು, ಸಂಪಾದನೆಗೆ ಬಂದಿರಬಾರದು ಎಂಬುದು ಷರತ್ತು. ಬಂದವರು ಪರಕೀಯರು ಎಂದ ಕೂಡಲೇ ಅಲ್ಲಿಯವರೂ ಕೆಲವರಿದ್ದಾರೆ ಎಂದಾಯಿತು. ವ್ಯಾಖ್ಯೆಯಲ್ಲಿ ಎರಡೂ ಕಡೆಯವರಿಗೆ ಜಾಗವಿತ್ತು. ಆದರೆ ಆ ಕಾಲದ ಸಂಶೋಧನೆ ಹೆಚ್ಚಾಗಿ ನೋಡಿದ್ದು ಬಂದವರನ್ನು, ಅವರು ಬಿಟ್ಟುಹೋದ ಹಣವನ್ನು.

ಯುದ್ಧ ಮುಗಿದ ಮೇಲೆ ಹಾಗೆ ನೋಡುವುದಕ್ಕೆ ಕಾರಣಗಳೂ ಇದ್ದವು. 1950ರಲ್ಲಿ ಜಗತ್ತಿನಲ್ಲಿ ಗಡಿ ದಾಟಿದ ಪ್ರವಾಸಿಗರ ಸಂಖ್ಯೆ ಸುಮಾರು 2.5 ಕೋಟಿ. ಜೆಟ್ ವಿಮಾನ ಬಂತು, ಸಂಬಳ ಸಹಿತ ರಜೆ ಬಂತು, ಎಲ್ಲವೂ ಸೇರಿದ ಪ್ಯಾಕೇಜ್ ಬಂತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ವಿದೇಶಿ ವಿನಿಮಯ ಬೇಕಿತ್ತು. ಸಮುದ್ರ, ಬಿಸಿಲು, ಹಳೆಯ ಗುಡಿಗಳನ್ನು ತೋರಿಸಿ ಡಾಲರ್ ಗಳಿಸಬಹುದು, ಹೊಗೆ ಉಗುಳುವ ಕಾರ್ಖಾನೆ ಬೇಕಿಲ್ಲ ಎಂದು ತಜ್ಞರು ಹೇಳಿದರು. ಬ್ರಿಟನ್ನಿನಲ್ಲಿ 1972ರಲ್ಲಿ ಸರ್ರೆ ಮತ್ತು ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಕೋರ್ಸು ತೆರೆದವು. ಬೆಳೆಯುತ್ತಿದ್ದ ಉದ್ಯಮಕ್ಕೆ ಓದಿದ ಆಡಳಿತಗಾರರು ಬೇಕಾಗಿದ್ದರು.

*

ಅದೇ 1970ರ ದಶಕದಲ್ಲಿ ಶಾಸ್ತ್ರದ ಒಳಗಿನಿಂದಲೇ ಎದುರು ಮಾತು ಹುಟ್ಟಿತು. ಅದು ಮತ್ತೆ ಹೊರಟದ್ದು ಬರ್ನ್‌ನಿಂದ. ಅಲ್ಲಿನ ಸಂಶೋಧನಾ ಸಂಸ್ಥೆಯನ್ನು ಮುಂದೆ ನಡೆಸಿದ ಯೋಸ್ಟ್ ಕ್ರಿಪೆನ್‌ಡಾರ್ಫ್ 1975ರಲ್ಲಿ ಒಂದು ಪುಸ್ತಕ ಬರೆದರು. ನಿಸರ್ಗದ ನೋಟಗಳನ್ನು ತಿಂದುಹಾಕುವವರು ಎಂಬುದು ಅದರ ಹೆಸರಿನ ಅರ್ಥ. ಅವರ ವಾದ ಸರಳ. ಆಲ್ಪ್ಸ್ ಬೆಟ್ಟಗಳ ಹಳ್ಳಿಗಳು ಮಾರುತ್ತಿರುವುದು ತಮ್ಮ ನೋಟವನ್ನು. ಆದರೆ ಅದನ್ನು ಮಾರಲು ಕಟ್ಟುವ ರಸ್ತೆ, ರಜಾಮನೆ, ಹಿಮದ ಮೇಲಿನ ತೂಗುಬುಟ್ಟಿಗಳು ಅದೇ ನೋಟವನ್ನು ಕಬಳಿಸುತ್ತವೆ. ಬಡ್ಡಿಯಲ್ಲಿ ಬದುಕಬೇಕಾದವರು ಅಸಲಿಗೆ ಕೈಹಾಕಿದ್ದಾರೆ. 1984ರ ಇನ್ನೊಂದು ಪುಸ್ತಕದಲ್ಲಿ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಜನ ರಜೆ ಸಿಕ್ಕ ಕೂಡಲೇ ಊರು ಬಿಟ್ಟು ಓಡುವುದೇಕೆ? ಅವರ ದಿನನಿತ್ಯದ ಕೆಲಸ, ಅವರ ನಗರ ಅಷ್ಟು ಅಸಹನೀಯವಾಗಿದ್ದರೆ ಸರಿಮಾಡಬೇಕಾದದ್ದು ಬರಿಯ ಪ್ರವಾಸವನ್ನಲ್ಲ ಎಂದರು.

ಪತ್ರಕರ್ತ ರಾಬರ್ಟ್ ಯುಂಕ್ 1980ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ, ಒಂದು ಹೆಕ್ಟೇರ್ ಕಡಲ ದಂಡೆಗೆ ಎಷ್ಟು ಪ್ರವಾಸಿಗರು ಎಂದು ಕೇಳುವ ಲೇಖನ ಬರೆದರು. ಗಡಸು ಪ್ರವಾಸ ಒಂದು ಕಡೆ, ಮೆದು ಪ್ರವಾಸ ಇನ್ನೊಂದು ಕಡೆ ಎಂದು ಅದರಲ್ಲಿ ಪಟ್ಟಿ ಮಾಡಿದ್ದರು. ಹೋಗುವ ಊರಿನ ಭಾಷೆ ಕಲಿಯುವುದು ಮೆದು ಪ್ರವಾಸದ ಪಟ್ಟಿಯಲ್ಲಿತ್ತು.

ಬಡ ದೇಶಗಳ ಅನುಭವವೂ ಇದೇ ಹೊತ್ತಿಗೆ ಕಾಗದಕ್ಕೆ ಇಳಿಯಿತು. ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ 1971ರಲ್ಲಿ ಫ್ರೆಂಚ್ ಸಲಹಾ ಸಂಸ್ಥೆಯೊಂದು ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ಮಾಸ್ಟರ್ ಪ್ಲ್ಯಾನ್ ತಯಾರಿಸಿತು. ದಕ್ಷಿಣ ತುದಿಯ ಒಣ ನೆಲವಾದ ನುಸಾ ದುವಾದಲ್ಲಿ ದೊಡ್ಡ ಹೋಟೆಲುಗಳನ್ನೆಲ್ಲ ಒಟ್ಟಿಗೆ ಕಟ್ಟುವುದು, ಪ್ರವಾಸಿಗರನ್ನು ಅಲ್ಲೇ ಇರಿಸಿ ಹಗಲು ಮಾತ್ರ ಒಳನಾಡಿಗೆ ಕರೆದೊಯ್ಯುವುದು ಯೋಜನೆ. ಬಾಲಿಯ ಸಂಸ್ಕೃತಿ ಕೆಡಬಾರದು, ಹಣವೂ ಬರಬೇಕು ಎಂಬ ಎರಡು ಆಸೆಗಳನ್ನು ಒಂದು ಬೇಲಿಯಿಂದ ಈಡೇರಿಸುವ ಪ್ರಯತ್ನ ಅದು. ಸಂಸ್ಕೃತಿಯ ಮಟ್ಟಿಗೆ ಬೇಲಿ ನಿಲ್ಲುವುದಿಲ್ಲ, ಹಣದ ಮಟ್ಟಿಗೆ ಅದು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಇಂಥ ಪ್ರತ್ಯೇಕ ಹೋಟೆಲ್ ಊರುಗಳ ಬಗ್ಗೆ ಬಂದ ಮುಖ್ಯ ಟೀಕೆ. 1976ರ ಡಿಸೆಂಬರಿನಲ್ಲಿ ವಿಶ್ವಬ್ಯಾಂಕ್ ಮತ್ತು ಯುನೆಸ್ಕೊ ಸೇರಿ ವಾಷಿಂಗ್ಟನ್‌ನಲ್ಲಿ ವಿಚಾರ ಸಂಕಿರಣ ನಡೆಸಿದವು. ಅಲ್ಲಿನ ಪ್ರಬಂಧಗಳನ್ನು ಇಮ್ಯಾನುಯೆಲ್ ಡಿ ಕಾಟ್ 1979ರಲ್ಲಿ ಪುಸ್ತಕವಾಗಿ ತಂದರು. ಪ್ರವಾಸ ಎಂಬುದು ಅಭಿವೃದ್ಧಿಗೆ ಪಾಸ್‌ಪೋರ್ಟೇ ಎಂದು ಕೇಳುವ ಆ ಪುಸ್ತಕದ ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಹತ್ತು ವರ್ಷ ಹಿಂದೆ ಆ ಚಿಹ್ನೆ ಇರುತ್ತಿರಲಿಲ್ಲ.

*

ಎಚ್ಚರಿಕೆ ಕೊಟ್ಟಾಯಿತು, ಈಗ ಅಳತೆ ಬೇಕು. ಶಾಸ್ತ್ರ ಅಳತೆಗೋಲನ್ನು ಎರವಲು ತಂದದ್ದು ಕಾಡಿನಿಂದ, ಹುಲ್ಲುಗಾವಲಿನಿಂದ.

ಸುಸ್ಥಿರತೆ ಎಂಬ ಕಲ್ಪನೆಯ ಮೂಲವನ್ನು ಸಾಮಾನ್ಯವಾಗಿ ಗುರುತಿಸುವುದು ಜರ್ಮನಿಯ ಸ್ಯಾಕ್ಸನಿಯಲ್ಲಿ. ಗಣಿ ಆಡಳಿತಗಾರ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಅರಣ್ಯ ಕೃಷಿಯ ಬಗ್ಗೆ ಒಂದು ಗ್ರಂಥ ಬರೆದರು. ಬೆಳ್ಳಿಯ ಅದಿರು ಕರಗಿಸಲು ಕಟ್ಟಿಗೆ ಬೇಕು. ಬೆಳೆಯುವುದಕ್ಕಿಂತ ಹೆಚ್ಚು ಕಡಿದರೆ ಕಾಡೂ ಉಳಿಯದು, ಗಣಿಯೂ ನಡೆಯದು ಎಂಬುದು ಅವರ ಚಿಂತೆ. ‘ಧಾರಣ ಸಾಮರ್ಥ್ಯ’ ಎಂಬ ಇನ್ನೊಂದು ಮಾತಿನ ದಾರಿ ಮತ್ತೂ ವಿಚಿತ್ರ. 19ನೆಯ ಶತಮಾನದಲ್ಲಿ ಅದನ್ನು ಬಳಸುತ್ತಿದ್ದದ್ದು ಹಡಗುಗಳಿಗೆ, ಒಂದು ಹಡಗು ಎಷ್ಟು ಸರಕು ಹೊರಬಲ್ಲದು ಎಂದು ಹೇಳಲು. ಆಮೇಲೆ ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಿಗೆ ಬಂತು: ಇಷ್ಟು ನೆಲಕ್ಕೆ ಎಷ್ಟು ದನ? ಅಲ್ಲಿಂದ ಪ್ರವಾಸಿಗರಿಗೆ ಬಂತು: ಇಷ್ಟು ಕಾಡಿಗೆ ಎಷ್ಟು ಜನ?

ಹಡಗಿಗೆ ಉತ್ತರ ಹೇಳಬಹುದು. ಹೆಚ್ಚು ಹೇರಿದರೆ ಮುಳುಗುತ್ತದೆ. ಕಾಡಿಗೆ ಅಷ್ಟು ಸುಲಭವಲ್ಲ ಎಂದು ಜೆ. ಅಲನ್ ವ್ಯಾಗರ್ 1964ರಲ್ಲೇ ಬರೆದಿದ್ದರು. ಅಮೆರಿಕದ ಕಾಡುಗಳಲ್ಲಿ ವಿಹಾರಕ್ಕೆ ಬರುವವರ ಬಗ್ಗೆ ಅಧ್ಯಯನ ಮಾಡಿದ ಅವರು, ಧಾರಣ ಸಾಮರ್ಥ್ಯ ಎಂಬುದು ನೆಲದೊಳಗೆ ಅಡಗಿ ಕೂತಿರುವ ಸಂಖ್ಯೆಯಲ್ಲ ಎಂದರು. ಆ ಜಾಗ ನಮಗೆ ಏನಾಗಿರಬೇಕು ಎಂದು ಮೊದಲು ತೀರ್ಮಾನಿಸದೆ ಅದನ್ನು ಹೇಳಲಾಗದು. ಏಕಾಂತ ಬೇಕೆನ್ನುವವರಿಗೆ ಇಪ್ಪತ್ತು ಜನ ಜಾಸ್ತಿ, ಜಾತ್ರೆ ಬೇಕೆನ್ನುವವರಿಗೆ ಎರಡು ಸಾವಿರ ಕಡಿಮೆ.

ಇವತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಹಾಕುವ ಲೆಕ್ಕವನ್ನು ನೋಡಿದರೆ ವ್ಯಾಗರ್ ಹೇಳಿದ್ದು ಅರ್ಥವಾಗುತ್ತದೆ. ಮಿಗೆಲ್ ಸಿಫುಎಂಟೆಸ್ 1992ರಲ್ಲಿ ಮಧ್ಯ ಅಮೆರಿಕದಲ್ಲಿ ರೂಪಿಸಿಕೊಟ್ಟ ಈ ವಿಧಾನಕ್ಕೆ ಮೂರು ಮೆಟ್ಟಿಲು. ಎರಡು ಕಿಲೋಮೀಟರಿನ ಒಂದು ಕಾಡುದಾರಿ ಇದೆ ಎಂದುಕೊಳ್ಳಿ. ಒಬ್ಬರಿಗೆ ಒಂದು ಮೀಟರ್ ಎಂದರೆ ಒಮ್ಮೆಗೆ 2,000 ಜನ. ದಾರಿ ದಿನಕ್ಕೆ ಎಂಟು ಗಂಟೆ ತೆರೆದಿದ್ದು, ಒಬ್ಬರು ನಡೆದು ಮುಗಿಸಲು ಎರಡು ಗಂಟೆ ಹಿಡಿದರೆ ದಿನಕ್ಕೆ ನಾಲ್ಕು ಸರದಿ. ಅಲ್ಲಿಗೆ 8,000. ಇದು ಮೊದಲ ಮೆಟ್ಟಿಲು, ನೆಲ ಹಿಡಿಸುವ ಸಂಖ್ಯೆ. ಎರಡನೆಯದರಲ್ಲಿ ಮಳೆ, ಮಣ್ಣಿನ ಸವೆತ, ಪ್ರಾಣಿಗಳು ಮರಿಹಾಕುವ ಕಾಲ, ಗುಂಪುಗಳ ನಡುವೆ ಬಿಡಬೇಕಾದ ಅಂತರ ಇವುಗಳಿಗೆಲ್ಲ ಕಳೆಯಬೇಕು. ಎಲ್ಲ ಕಳೆದು ಕಾಲು ಭಾಗ ಉಳಿಯಿತು ಎನ್ನೋಣ: 2,000. ಮೂರನೆಯದರಲ್ಲಿ ನೋಡಿಕೊಳ್ಳಲು ಸಿಬ್ಬಂದಿ ಎಷ್ಟಿದ್ದಾರೆ ಎಂದು ಕೇಳಬೇಕು. ಬೇಕಾದವರಲ್ಲಿ ಅರ್ಧದಷ್ಟೇ ಇದ್ದರೆ 1,000. ಎಂಟು ಸಾವಿರದಿಂದ ಒಂದು ಸಾವಿರಕ್ಕೆ ಇಳಿದ ಈ ದಾರಿಯಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಯಾರೋ ಒಂದು ಆಯ್ಕೆ ಮಾಡಿದ್ದಾರೆ. ಗುಂಪುಗಳ ನಡುವೆ ಐವತ್ತು ಮೀಟರ್ ಸಾಕೆಂದರೆ ಒಂದು ಉತ್ತರ, ಇನ್ನೂರು ಬೇಕೆಂದರೆ ಇನ್ನೊಂದು.

ಇದನ್ನು ಒಪ್ಪಿಕೊಂಡು ಪ್ರಶ್ನೆಯನ್ನೇ ಬದಲಿಸಿದ ಪ್ರಯೋಗವೂ ನಡೆಯಿತು. ಅಮೆರಿಕದ ಅರಣ್ಯ ಸೇವೆಯ ಜಾರ್ಜ್ ಸ್ಟ್ಯಾಂಕಿ ಮತ್ತು ಸಂಗಡಿಗರು 1985ರಲ್ಲಿ ಮಂಡಿಸಿದ ವಿಧಾನ ಎಷ್ಟು ಜನ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಬದಲಾವಣೆಯನ್ನು ಒಪ್ಪಬಹುದು ಎಂದು ಕೇಳಿತು. ಮೊಂಟಾನಾ ರಾಜ್ಯದ ಬಾಬ್ ಮಾರ್ಷಲ್ ಅರಣ್ಯದಲ್ಲಿ ಅದನ್ನು ಮೊದಲು ಜಾರಿಗೆ ತಂದಾಗ ಅಧಿಕಾರಿಗಳ ಜೊತೆ ಪರಿಸರವಾದಿಗಳು, ಕುದುರೆಯ ಮೇಲೆ ಜನರನ್ನು ಕಾಡಿಗೆ ಕರೆದೊಯ್ಯುವ ದಂಧೆಯವರು, ಸುತ್ತಲಿನ ಜನ ಒಂದೇ ಮೇಜಿಗೆ ಕೂತರು. ಪ್ರಶ್ನೆ ಬದಲಾದ ಕೂಡಲೇ ಮೇಜಿನ ಸುತ್ತ ಕೂರುವವರ ಪಟ್ಟಿಯೂ ಬದಲಾಯಿತು.

*

ಆದರೆ ಎಲ್ಲ ಊರುಗಳಲ್ಲೂ ಮೇಜಿಗೆ ಕರೆಯುವವರಿರುವುದಿಲ್ಲ. ಭಾರತದಲ್ಲಿ ಈ ಪ್ರಶ್ನೆ ಮೊದಲು ಕೇಳಿಬಂದದ್ದು ರಸ್ತೆಯಲ್ಲಿ, ಆಮೇಲೆ ನ್ಯಾಯಾಲಯದಲ್ಲಿ, ತರಗತಿಗೆ ಬಂದದ್ದು ಕೊನೆಗೆ.

ಯುರೋಪಿನಿಂದ ಗೋವಾಕ್ಕೆ ನೇರವಾಗಿ ಚಾರ್ಟರ್ ವಿಮಾನಗಳು ಬರತೊಡಗಿದ್ದು 1980ರ ದಶಕದ ನಡುವೆ. 1987ರಲ್ಲಿ ‘ಜಾಗೃತ ಗೋಂಯ್‌ಕಾರಾಂಚಿ ಫೌಜ್’ ಎಂಬ ಸಂಘಟನೆಯವರು ಜರ್ಮನಿಯಿಂದ ಬಂದಿಳಿದ ಪ್ರವಾಸಿಗರ ಬಸ್ಸಿಗೆ ಸಗಣಿ ಎಸೆದರು, ಜೊತೆಗೆ ಕರಪತ್ರ ಹಂಚಿದರು. ಹಳ್ಳಿಗೆ ಇಲ್ಲದ ನೀರು ಹೋಟೆಲಿಗೆ ಹೋಗುವುದು, ಮೀನುಗಾರರಿಗೆ ಕಡಲ ದಂಡೆಯ ದಾರಿ ತಪ್ಪುವುದು, ನೆಲದ ಬೆಲೆ ಊರಿನವರ ಕೈಗೆ ಎಟುಕದಂತಾಗುವುದು ಅವರ ಆಕ್ಷೇಪ. ಕೆನಡಾದ ಜಾರ್ಜ್ ಡಾಕ್ಸಿ ಎಂಬ ಅರ್ಥಶಾಸ್ತ್ರಜ್ಞರು 1975ರಲ್ಲೇ ಇದಕ್ಕೊಂದು ಮಾಪಕ ಮಾಡಿದ್ದರು. ಪ್ರವಾಸಿಗರನ್ನು ಕಂಡ ಊರು ಮೊದಲು ಸಂಭ್ರಮಿಸುತ್ತದೆ, ಆಮೇಲೆ ಉದಾಸೀನವಾಗುತ್ತದೆ, ಮುಂದೆ ಕಿರಿಕಿರಿಪಡುತ್ತದೆ, ಕೊನೆಗೆ ಹಗೆ ಸಾಧಿಸುತ್ತದೆ ಎಂದು ನಾಲ್ಕು ಹಂತ. ಪಠ್ಯದಲ್ಲಿ ಅದು ಒಂದು ಚಿತ್ರ. ಗೋವಾದಲ್ಲಿ ಅದಕ್ಕೆ ಸಗಣಿಯ ವಾಸನೆ ಇತ್ತು.

ಬೆಂಗಳೂರಿನಲ್ಲಿ 1985ರಲ್ಲಿ ‘ಇಕ್ವೇಷನ್ಸ್’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಪ್ರವಾಸದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳುವುದೇ ಅದರ ಕೆಲಸ. ಹೋಟೆಲಿನವರಲ್ಲದ, ಸರ್ಕಾರದವರೂ ಅಲ್ಲದ ಕೆಲವರು ಕೂತು ಪ್ರವಾಸದ ಬಗ್ಗೆ ಸಂಶೋಧನೆ ಮಾಡುವುದು ಆಗ ಹೊಸ ಸಂಗತಿ. ಕೆಲವೇ ವರ್ಷಗಳಲ್ಲಿ ಪ್ರಶ್ನೆ ಕರ್ನಾಟಕದ ಕಾಡಿಗೇ ಬಂತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗಿದ್ದ ಅರಣ್ಯ ಇಲಾಖೆಯ ಕಟ್ಟಡಗಳನ್ನು ರಾಜ್ಯ ಸರ್ಕಾರ ತಾಜ್ ಗುಂಪಿನ ಹೋಟೆಲ್ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಕಾಡಿನ ಸಂರಕ್ಷಣೆಯ ಹೆಸರಿನಲ್ಲಿ ತಲೆತಲಾಂತರದಿಂದ ಅಲ್ಲಿದ್ದ ಜೇನು ಕುರುಬರಂಥ ಆದಿವಾಸಿಗಳನ್ನು ಹೊರಗೆ ಕಳಿಸುತ್ತಿದ್ದ ಕಾಲ ಅದು. ಜೇನು ಕೀಳುವವರಿಗೆ ಜಾಗವಿಲ್ಲದ ಕಾಡಿನಲ್ಲಿ ರೆಸಾರ್ಟಿಗೆ ಜಾಗ ಹೇಗೆ ಎಂದು ಅವರು ಕೇಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅರಣ್ಯವನ್ನು ಹೀಗೆ ಕೊಡಲಾಗದು ಎಂದು 1997ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. ರೆಸಾರ್ಟ್ ನಿಂತಿತು.

ಆ ಮೊಕದ್ದಮೆಯಲ್ಲಿ ಯಾರೂ ಧಾರಣ ಸಾಮರ್ಥ್ಯದ ಸಂಖ್ಯೆ ಹಿಡಿದು ಗೆಲ್ಲಲಿಲ್ಲ. ದಿನಕ್ಕೆ ಎಷ್ಟು ಅತಿಥಿಗಳು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಕೊಡುವ ಅಧಿಕಾರ ಯಾರದು, ಕೇಳಬೇಕಾದವರನ್ನು ಕೇಳಿದ್ದೀರಾ ಎಂದು.

*

ವಿಶ್ವವಿದ್ಯಾಲಯಗಳು ಈ ಎಲ್ಲ ಎಳೆಗಳನ್ನು ಒಟ್ಟು ಸೇರಿಸಿ ವಿಷಯವನ್ನಾಗಿ ಮಾಡಿದ್ದು 1990ರ ದಶಕದಲ್ಲಿ. 1987ರ ಬ್ರುಂಟ್‌ಲಾಂಡ್ ವರದಿ ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ಸರ್ಕಾರಗಳ ಬಾಯಿಗೆ ತಂದಿತ್ತು. 1992ರ ರಿಯೊ ಸಮ್ಮೇಳನ ಅದಕ್ಕೆ ಕಾರ್ಯಕ್ರಮದ ರೂಪ ಕೊಟ್ಟಿತು. 1993ರಲ್ಲಿ ಬಿಲ್ ಬ್ರಾಮ್‌ವೆಲ್ ಮತ್ತು ಬರ್ನಾರ್ಡ್ ಲೇನ್ ಸುಸ್ಥಿರ ಪ್ರವಾಸಕ್ಕೆಂದೇ ಒಂದು ಸಂಶೋಧನಾ ಪತ್ರಿಕೆ ಆರಂಭಿಸಿದರು. ವಿಷಯಕ್ಕೊಂದು ಪತ್ರಿಕೆ ಬಂದ ಮೇಲೆ ಅದಕ್ಕೆ ಪ್ರಾಧ್ಯಾಪಕರು, ಪಠ್ಯ, ಪದವಿ ಎಲ್ಲ ಹಿಂದೆಯೇ ಬರುತ್ತವೆ. ಜಾಫರ್ ಜಾಫರಿ ಎಂಬ ವಿದ್ವಾಂಸರು ಈ ಶಾಸ್ತ್ರ ನಡೆದು ಬಂದ ದಾರಿಯನ್ನು 1990ರಲ್ಲಿ ನಾಲ್ಕು ಜಗಲಿಗಳಾಗಿ ವಿವರಿಸಿದರು: ಮೊದಲು ಹೊಗಳಿಕೆ, ಆಮೇಲೆ ಎಚ್ಚರಿಕೆ, ಆಮೇಲೆ ಪರ್ಯಾಯಗಳ ಹುಡುಕಾಟ, ಕೊನೆಗೆ ಜ್ಞಾನ. ಒಂದು ಬಂದಾಗ ಹಿಂದಿನದು ಹೋಗುವುದಿಲ್ಲ, ನಾಲ್ಕೂ ಒಟ್ಟಿಗೆ ಇರುತ್ತವೆ ಎಂದೂ ಹೇಳಿದರು.

ಭಾರತದಲ್ಲಿ ಆ ಮಾತು ಅಕ್ಷರಶಃ ನಿಜ. ಪ್ರವಾಸ ಮತ್ತು ಪ್ರಯಾಣ ನಿರ್ವಹಣೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ 1983ರಲ್ಲಿ ದೆಹಲಿಯಲ್ಲಿ ಶುರುವಾಗಿ ಮುಂದೆ ಗ್ವಾಲಿಯರಿಗೆ ಹೋಯಿತು. ಇಗ್ನೊ ಮನೆಯಲ್ಲೇ ಕೂತು ಓದಬಹುದಾದ ಸ್ನಾತಕೋತ್ತರ ಪದವಿ ತಂದಿತು. ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಹೆಚ್ಚಾಗಿ ಆಶ್ರಯ ಪಡೆದದ್ದು ವಾಣಿಜ್ಯ ಮತ್ತು ನಿರ್ವಹಣೆಯ ವಿಭಾಗಗಳಲ್ಲಿ. ಟಿಕೆಟಿಂಗ್, ಹೋಟೆಲ್ ಲೆಕ್ಕ, ಮಾರ್ಕೆಟಿಂಗ್‌ಗಳ ನಡುವೆ ಸುಸ್ಥಿರತೆ ಒಂದು ಪತ್ರಿಕೆಯಾಗಿ ಕೂರುತ್ತದೆ. ಹೊಗಳಿಕೆಯ ಜಗಲಿಯಲ್ಲಿ ಮನೆ ಕಟ್ಟಿ ಎಚ್ಚರಿಕೆಗೆ ಒಂದು ಕಿಟಕಿ ಇಟ್ಟ ಹಾಗೆ. ಇದು ಓದುವವರ ತಪ್ಪಲ್ಲ, ಕಲಿಸುವವರದೂ ಅಲ್ಲ. ಎರಡು ವರ್ಷ ಓದಿ ಕೆಲಸಕ್ಕೆ ಹೋಗಬೇಕಾದವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಹೋಟೆಲಿನವರು, ಟ್ರಾವೆಲ್ಸ್‌ನವರು. ಊರಿನವರು ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಕನ್ನಡದಲ್ಲಿ ಈ ಒಲವು ಹೆಸರಿನಲ್ಲೇ ಇದೆ. ಹಿಂದಿ, ಮರಾಠಿಗಳಲ್ಲಿ ಇದು ‘ಪರ್ಯಟನ’, ತೆಲುಗಿನಲ್ಲಿ ‘ಪರ್ಯಾಟಕಂ’, ತಮಿಳಿನಲ್ಲಿ ‘ಸುಟ್ರುಲಾ’. ಎಲ್ಲದರಲ್ಲೂ ಇರುವುದು ಸುತ್ತಾಟ. ಬಾಲಿಯವರು ಬಳಸುವ ಇಂಡೊನೇಷ್ಯನ್ ಪದ ‘ಪರಿವಿಸಾತ’ದಲ್ಲೂ ನಮಗೆ ಪರಿಚಯದ ‘ಪರಿ’ಯೇ ಇದೆ. ಕನ್ನಡ ಮಾತ್ರ ಸುತ್ತಾಟಕ್ಕೆ ಉದ್ಯಮವನ್ನು ಸಂಧಿ ಮಾಡಿ ‘ಪ್ರವಾಸೋದ್ಯಮ’ ಎಂದಿತು. ಸರ್ಕಾರಿ ಇಲಾಖೆಗೆ ಅದು ತಕ್ಕ ಹೆಸರು. ವಿಶ್ವವಿದ್ಯಾಲಯದ ವಿಷಯಕ್ಕೆ ಅದೇ ಹೆಸರು ಬಂದಾಗ, ಹುನ್ಸಿಕರ್ ವ್ಯಾಖ್ಯೆಯಲ್ಲಿದ್ದ ಸಂಬಂಧಗಳ ಮೊತ್ತದಲ್ಲಿ ಒಂದು ಸಂಬಂಧ ಮಾತ್ರ ಉಳಿದಂತಾಯಿತು. ಬಂದವರು ಗಿರಾಕಿಗಳಾದರು, ಊರು ಸರಕಾಯಿತು, ಊರಿನವರು ಆ ಪದದಲ್ಲಿ ಎಲ್ಲಿಯೂ ಇಲ್ಲ.

ಹಾಗೆಂದು ಶಾಸ್ತ್ರ ಊರಿನವರ ಬಳಿಗೆ ಹೋಗಿಯೇ ಇಲ್ಲ ಎಂದಲ್ಲ. 2002ರಲ್ಲಿ ಕೇಪ್ ಟೌನ್‌ನಲ್ಲಿ ಹೊರಟ ಘೋಷಣೆ, ಬದುಕಲು ಒಳ್ಳೆಯ ಊರನ್ನು ಮೊದಲು ಹೆಸರಿಸಿ, ನೋಡಲು ಒಳ್ಳೆಯ ಊರನ್ನು ಆಮೇಲೆ ಇಟ್ಟಿತು. ಅದರ ಹಿಂದಿದ್ದ ಹೆರಾಲ್ಡ್ ಗುಡ್‌ವಿನ್ ಇಂಗ್ಲೆಂಡಿನಲ್ಲಿ ಜವಾಬ್ದಾರಿಯುತ ಪ್ರವಾಸವನ್ನು ಸ್ನಾತಕೋತ್ತರ ಪದವಿಯಾಗಿ ಕಲಿಸಿದವರು. ಆ ವಿಚಾರವನ್ನು ಕೇರಳ ಸರ್ಕಾರ ಕೈಗೆತ್ತಿಕೊಂಡು ಕುಮರಗಂ, ವಯನಾಡ್, ತೇಕ್ಕಡಿ, ಕೋವಳಂಗಳಲ್ಲಿ ಪ್ರಯೋಗ ಮಾಡಿತು. ಕುಮರಗಂನಲ್ಲಿ 2008ರಿಂದ ಕುಡುಂಬಶ್ರೀ ಮಹಿಳಾ ಗುಂಪುಗಳು ತರಕಾರಿ ಬೆಳೆದು ಹಿನ್ನೀರಿನ ರೆಸಾರ್ಟುಗಳಿಗೆ ಮಾರತೊಡಗಿದವು. ಹೊರಗಿನಿಂದ ಲಾರಿಯಲ್ಲಿ ಬರುತ್ತಿದ್ದ ಸೊಪ್ಪು, ತರಕಾರಿಯ ಹಣದಲ್ಲಿ ಒಂದು ಪಾಲು ಪಂಚಾಯಿತಿಯೊಳಗೇ ಉಳಿಯಿತು. ಪಂಚಾಯಿತಿ, ಹೋಟೆಲಿನವರು, ಬೆಳೆಯುವ ಹೆಂಗಸರು ಕೂತು ಬೆಲೆ ಮಾತಾಡಿದ್ದರಿಂದ ಅದು ಆಯಿತು. ಅಂಥ ಮಾತುಕತೆಗೆ ಸಮೀಕರಣ ಇಲ್ಲ.

ಕಾಡಿನಲ್ಲಿ ಮಾತ್ರ ಸಮೀಕರಣ ಈಗ ಕಾನೂನಿನ ಭಾಗ. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಅರಣ್ಯಗಳ ಒಳವಲಯದಲ್ಲಿ ಪ್ರವಾಸವನ್ನು ತಡೆಹಿಡಿಯಿತು. ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ಆ ತಡೆ ತೆರವಾಯಿತು. ಒಳವಲಯದ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ಕೂಡದು, ಪ್ರತಿ ಕಾಡಿಗೂ ಧಾರಣ ಸಾಮರ್ಥ್ಯ ಲೆಕ್ಕ ಹಾಕಬೇಕು ಎಂದು ಅದು ಹೇಳಿತು. ಹಿಂದೆ ಹೇಳಿದ ಮೂರು ಮೆಟ್ಟಿಲಿನ ಲೆಕ್ಕವೇ ಅಲ್ಲಿ ಜೀಪುಗಳಿಗೆ ಅನ್ವಯವಾಗುತ್ತದೆ. ತರಗತಿಯ ಗಣಿತ ಬಂಡೀಪುರ, ನಾಗರಹೊಳೆಯ ಗೇಟಿಗೆ ಬಂದು ನಿಂತದ್ದು ಸಣ್ಣ ಸಾಧನೆಯಲ್ಲ. ಆ ಲೆಕ್ಕದ ಮೂರನೆಯ ಮೆಟ್ಟಿಲಿನಲ್ಲಿ ಸಿಬ್ಬಂದಿಯನ್ನು ಎಣಿಸುವ ಹಾಗೆ, ಕಾಡಂಚಿನ ಹಾಡಿಯ ಜನರ ಒಪ್ಪಿಗೆಯನ್ನು ಎಣಿಸುವ ಮೆಟ್ಟಿಲು ಮಾತ್ರ ಇಲ್ಲ.

*

ವೆನಿಸ್ 2024ರ ಏಪ್ರಿಲ್ 25ರಂದು ಹಗಲು ಪ್ರವಾಸಿಗರಿಗೆ ಐದು ಯೂರೋ ಪ್ರವೇಶ ಶುಲ್ಕ ವಿಧಿಸಿತು. ಆ ವರ್ಷ 29 ದಿನ, ಮರುವರ್ಷ 54 ದಿನ. ಕೊನೆಗಳಿಗೆಯಲ್ಲಿ ಬುಕ್ ಮಾಡುವವರಿಗೆ ಹತ್ತು ಯೂರೋ. ರಾತ್ರಿ ಉಳಿಯುವವರಿಗೆ ಈ ಶುಲ್ಕವಿಲ್ಲ. ಇಷ್ಟೇ ಜನ ಎಂಬ ಮಿತಿಯೂ ಇಲ್ಲ. ಹಣ ಕೊಟ್ಟರೆ 22,001ನೆಯವರೂ ಒಳಗೆ ಹೋಗಬಹುದು.

1991ರ ಲೆಕ್ಕದಲ್ಲಿಯೇ ಇದರ ಕಾರಣ ಬರೆದಿತ್ತು. ಕನೆಸ್ಟ್ರೆಲ್ಲಿ ಮತ್ತು ಕೋಸ್ಟಾ ಊರಿನವರನ್ನು ಒಂದೇ ಗುಂಪೆಂದು ಹಿಡಿದಿರಲಿಲ್ಲ. ಪ್ರವಾಸದಿಂದ ಹೊಟ್ಟೆ ಹೊರೆಯುವವರು, ಹೊರೆಯದವರು ಎಂದು ಎರಡು ಬಗೆ. ಒಬ್ಬರಿಗೆ ಬೇಕಾದ ಸಂಖ್ಯೆ ಇನ್ನೊಬ್ಬರಿಗೆ ಬೇಡ ಎಂದು ಅವರು ಗುರುತಿಸಿದ್ದರು. ಸಮೀಕರಣ ಅವರಿಬ್ಬರ ನಡುವೆ ಒಂದು ಬಿಂದುವನ್ನು ಕಂಡುಹಿಡಿಯಬಲ್ಲದು, ಅವರಿಬ್ಬರನ್ನು ಒಪ್ಪಿಸಲಾರದು. ಅಷ್ಟರಲ್ಲಿ ಎರಡನೆಯ ಬಗೆಯವರು ಮನೆ ಮಾರಿ ಅಥವಾ ಬಾಡಿಗೆ ಕೊಡಲಾಗದೆ ಎದುರು ದಡಕ್ಕೆ ಹೋಗುತ್ತ ಬಂದರು. ಬೇಡ ಎನ್ನುವವರು ಕಡಿಮೆಯಾದಷ್ಟೂ ಊರಿನ ಧಾರಣ ಸಾಮರ್ಥ್ಯ ಕಾಗದದ ಮೇಲೆ ಹೆಚ್ಚುತ್ತ ಹೋಗುತ್ತದೆ.

2019ರ ಹೊತ್ತಿಗೆ ಗಡಿ ದಾಟುವ ಪ್ರವಾಸಿಗರು ವರ್ಷಕ್ಕೆ 146 ಕೋಟಿ ಮುಟ್ಟಿದ್ದರು. ಭಾರತದೊಳಗೆ ಬೆಟ್ಟಕ್ಕೆ, ಕಡಲಿಗೆ, ದೇವಸ್ಥಾನಕ್ಕೆ ಹೋಗುವವರು ಈ ಲೆಕ್ಕದಲ್ಲಿ ಸೇರಿಲ್ಲ. ವಾರದ ಕೊನೆಗೆ ಪುಣೆಯಿಂದ ಗೋಕರ್ಣಕ್ಕೆ, ಚೆನ್ನೈಯಿಂದ ಕೊಡಗಿಗೆ ಹೊರಡುವವರಿಗೆ ಅಲ್ಲಿ ಯಾರೋ ಒಬ್ಬರು ಕೋಣೆ ತೋರಿಸುತ್ತಾರೆ, ಇನ್ನೊಬ್ಬರು ನೀರಿನ ಟ್ಯಾಂಕರಿಗೆ ಕಾಯುತ್ತಿರುತ್ತಾರೆ. ಇಬ್ಬರೂ ಅದೇ ಊರಿನವರು. ಇಬ್ಬರನ್ನೂ ಕೇಳುವುದು ಹೇಗೆ ಎಂಬುದನ್ನು ಕಲಿಸುವ ಪದವಿಗೆ ಸುಸ್ಥಿರ ಎಂಬ ಹೆಸರು ಹೊಂದುತ್ತದೆ.

ಕನ್ನಡದಲ್ಲಿ ಧಾರಣ ಸಾಮರ್ಥ್ಯಕ್ಕೆ ‘ತಾಳಿಕೆ’ ಎಂಬ ಹಳೆಯ ಪದವೇ ಸಾಕು, ಸುಸ್ಥಿರತೆಗೆ ‘ಬಾಳಿಕೆ’ ಸಾಕು. ಎರಡನ್ನೂ ಸೇರಿಸಿ ನಮ್ಮ ಹಿರಿಯರು ಒಂದು ಗಾದೆ ಮಾಡಿಟ್ಟಿದ್ದಾರೆ: ತಾಳಿದವನು ಬಾಳಿಯಾನು. ಅದು ಒಳ್ಳೆಯ ಬುದ್ಧಿಮಾತು. ಆದರೆ ಅದನ್ನು ಸಾಮಾನ್ಯವಾಗಿ ಹೇಳುವುದು ತಾಳಿಕೊಳ್ಳಬೇಕಾದವರಿಗೆ, ಹೇಳುವವರು ಇನ್ನೊಬ್ಬರು. ತೊಂಬತ್ತು ವರ್ಷ ಎಣಿಸಿ, ಅಳೆದು, ಸೂತ್ರ ಬರೆದ ಶಾಸ್ತ್ರ ಕಲಿತದ್ದು ಇಷ್ಟು: ಎಷ್ಟು ತಾಳಬಹುದು ಎಂಬುದನ್ನು ತಾಳುವವರ ಬಾಯಿಂದಲೇ ಕೇಳಬೇಕು.